ಕೆಂಪು ಸಾರಿನ ಪರವಾಗಿ

"ಇದು ಅಸಲಿ ಇಟಾಲಿಯನ್ ಊಟವಲ್ಲ" ಎಂಬ ಮಾತನ್ನು ಕೇಳಿ ಕೇಳಿ ನನಗೆ ಸಾಕಾಗಿದೆ. ಹೇಳುವವರು ಇಟಲಿಯವರಾದರೆ ಹೋಗಲಿ ಎನ್ನಬಹುದು. ತಮ್ಮ ಮನೆಯ ಅಡುಗೆಯ ಬಗ್ಗೆ ಯಾರಿಗಾದರೂ ಅಭಿಮಾನ ಇದ್ದೇ ಇರುತ್ತದೆ. ಆದರೆ ನಾನು ಇದನ್ನು ಕೇಳುತ್ತಿರುವುದು ನಮ್ಮವರ ಬಾಯಿಂದಲೇ. ದಾವಣಗೆರೆಯಲ್ಲಿ ಹುಟ್ಟಿ, ಸುರತ್ಕಲ್ಲಿನಲ್ಲಿ ಇಂಜಿನಿಯರಿಂಗ್ ಓದಿ, ನ್ಯೂಜೆರ್ಸಿಯಲ್ಲಿ ಮನೆ ಕೊಂಡು ನೆಲೆಸಿದವರು. ರೋಮು, ಫ್ಲಾರೆನ್ಸು, ವೆನಿಸ್ಸು ಎಂದು ಹತ್ತು ದಿನ ಸುತ್ತಿ ಬಂದ ಮೇಲೆ ತಮ್ಮ ಬೀದಿಯ ತುದಿಯಲ್ಲಿರುವ ಇಟಾಲಿಯನ್ ಹೋಟೆಲಿಗೆ ಮೂಗು ಮುರಿಯದೆ ಕಾಲಿಡಲಾರರು. ಹತ್ತು ವರ್ಷ ಅದೇ ಹೋಟೆಲಿನಲ್ಲಿ ಮಕ್ಕಳ ಹುಟ್ಟುಹಬ್ಬ ಮಾಡಿದವರು ಇವರೇ. ಕಾಶಿಗೆ ಹೋಗಿ ಬಂದವರು ಒಂದು ತರಕಾರಿ ಬಿಡುತ್ತಾರಲ್ಲ, ಹಾಗೆ ಇವರು ರೋಮಿಗೆ ಹೋಗಿ ಬಂದು ಬೀದಿ ತುದಿಯ ಹೋಟೆಲನ್ನು ಬಿಟ್ಟಿದ್ದಾರೆ.

ಆ ಹೋಟೆಲು ಎಂಥದ್ದು ಎಂದು ಮೊದಲು ಹೇಳಿಬಿಡುತ್ತೇನೆ. ಮಗಳ ಮನೆಗೆ ಹೋದಾಗಲೆಲ್ಲ ನಾನು ಹೋಗುವುದು ಅಲ್ಲಿಗೇ. ಒಂದು ಪಕ್ಕದಲ್ಲಿ ಬಟ್ಟೆ ಒಗೆಯುವ ಅಂಗಡಿ, ಇನ್ನೊಂದು ಪಕ್ಕದಲ್ಲಿ ಔಷಧದ ಅಂಗಡಿ, ನಡುವೆ ಇದು. ಹನ್ನೆರಡು ಮೇಜು. ಕೆಂಪು ಬಿಳಿ ಚೌಕಳಿಯ ಮೇಜುಬಟ್ಟೆ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ. ಗೋಡೆಯ ಮೇಲೆ ಫ್ರಾಂಕ್ ಸಿನಾತ್ರನ ಪಟ. ಆತ 1915ರಲ್ಲಿ ಇದೇ ನ್ಯೂಜೆರ್ಸಿಯ ಹೋಬೋಕನ್ನಿನಲ್ಲಿ ಹುಟ್ಟಿದವನಾದ್ದರಿಂದ ನಮ್ಮ ಹೋಟೆಲುಗಳ ಗಲ್ಲಾಪೆಟ್ಟಿಗೆಯ ಮೇಲೆ ಕುಲದೈವದ ಪಟ ಇರುವ ಹಾಗೆ ಅಲ್ಲಿ ಅವನು ಇರುತ್ತಾನೆ. ಕೂತ ಕೂಡಲೆ ಬುಟ್ಟಿಯಲ್ಲಿ ಬೆಳ್ಳುಳ್ಳಿ ಹಚ್ಚಿ ಸುಟ್ಟ ಬ್ರೆಡ್ಡು ಬರುತ್ತದೆ, ಅದಕ್ಕೆ ಬೇರೆ ದುಡ್ಡಿಲ್ಲ. ಬಡಿಸುವ ಹೆಂಗಸು ಅರುವತ್ತು ದಾಟಿದವಳು, ಎಪ್ಪತ್ತರ ನನ್ನನ್ನೂ ಏಳು ವರ್ಷದ ಮೊಮ್ಮಗಳನ್ನೂ ಒಂದೇ ಸಮನೆ "ಹನಿ" ಎಂದು ಕರೆಯುತ್ತಾಳೆ. ದ್ರಾಕ್ಷಾರಸ ಬೇಕಾದವರು ಮನೆಯಿಂದ ಶೀಸೆ ತಂದುಕೊಳ್ಳಬೇಕು. ಇದರ ಹಿಂದೆ ಒಂದು ಕಾನೂನಿನ ಕತೆ ಇದೆ. ಆ ರಾಜ್ಯದಲ್ಲಿ ಊರಿನ 3000 ಜನಕ್ಕೆ ಒಂದು ಎಂಬ ಲೆಕ್ಕದಲ್ಲಿ ಮಾತ್ರ ಹೋಟೆಲುಗಳಿಗೆ ಮದ್ಯದ ಪರವಾನಗಿ. ಹೀಗಾಗಿ ಇದ್ದ ಪರವಾನಗಿಗಳು ಲಕ್ಷಗಟ್ಟಲೆ ಡಾಲರಿಗೆ ಕೈ ಬದಲಾಯಿಸುತ್ತವೆ. ಹನ್ನೆರಡು ಮೇಜಿನ ಸಂಸಾರಕ್ಕೆ ಅದು ಕೈಗೆಟುಕುವುದಿಲ್ಲ. ಆದ್ದರಿಂದ ಊರಿನವರು ಕಂಕುಳಲ್ಲಿ ಶೀಸೆ ಇಟ್ಟುಕೊಂಡು ಬರುತ್ತಾರೆ, ಹೋಟೆಲಿನವರು ಗ್ಲಾಸು ಕೊಡುತ್ತಾರೆ. ಬಿಲ್ಲು ಹಗುರಾಗುತ್ತದೆ. ಒಂಟಿ ಮುದುಕರಿಂದ ಹಿಡಿದು ಎಂಟು ಜನರ ಸಂಸಾರದವರೆಗೆ ಎಲ್ಲರೂ ವಾರಕ್ಕೊಮ್ಮೆ ಅಲ್ಲಿ ಕೂತು ಉಣ್ಣುವುದು ಸಾಧ್ಯವಾಗಿರುವುದು ಇದರಿಂದಲೇ.

ಮತ್ತು ಅಲ್ಲಿ ಎಲ್ಲದರ ಮೇಲೂ ಕೆಂಪು ಸಾರು. ಅವರು ಅದನ್ನು ಸಾಸು ಎನ್ನುತ್ತಾರೆ, ಹಳಬರು ಗ್ರೇವಿ ಎನ್ನುತ್ತಾರೆ, ನಾನು ಸಾರು ಎನ್ನುತ್ತೇನೆ. ಟೊಮೇಟೊ, ಬೆಳ್ಳುಳ್ಳಿ, ಆಲಿವ್ ಎಣ್ಣೆ, ಒಂದಿಷ್ಟು ಸೊಪ್ಪು. ಬದನೆಕಾಯಿಯ ಬಿಲ್ಲೆಗಳನ್ನು ಕರಿದು, ನಡುನಡುವೆ ಈ ಸಾರೂ ಚೀಸೂ ಹಾಕಿ, ಒಲೆಯ ಗೂಡಿನಲ್ಲಿಟ್ಟು ಬೇಯಿಸಿದ ಪಾರ್ಮಿಜಾನ ಎಂಬುದೊಂದು ಸಿಗುತ್ತದೆ. ಮಾಂಸ ತಿನ್ನದ ನಾನು ಆ ದೇಶದಲ್ಲಿ ಮನೆಯ ಹೊರಗೆ ಹೊಟ್ಟೆ ತುಂಬ ಉಂಡದ್ದು ಇದೊಂದನ್ನೇ. ಈ ಬರಹಕ್ಕೆ ಅದರ ಋಣವೂ ಒಂದು ಕಾರಣ ಎಂದು ನೀವು ಆಡಿಕೊಂಡರೆ ನನಗೆ ಬೇಸರವಿಲ್ಲ.

ಪಂಡಿತರ ಆಕ್ಷೇಪಗಳು ಹಲವು. ಇಟಲಿಯಲ್ಲಿ ಸ್ಪಗೆಟ್ಟಿಯ ಮೇಲೆ ಮಾಂಸದ ಉಂಡೆ ಹಾಕುವುದಿಲ್ಲ. ಬೆಳ್ಳುಳ್ಳಿ ಬ್ರೆಡ್ಡು ಅಲ್ಲಿಲ್ಲ. ಕೋಳಿಯ ಮೇಲೆ ಚೀಸು ಕರಗಿಸುವುದಿಲ್ಲ. ಒಂದೇ ತಟ್ಟೆಯಲ್ಲಿ ಎಲ್ಲವನ್ನೂ ರಾಶಿ ಹಾಕುವುದಿಲ್ಲ; ಮೊದಲು ಪಾಸ್ತ, ಆಮೇಲೆ ಮಾಂಸ, ಅದೂ ಬೇರೆ ತಟ್ಟೆಯಲ್ಲಿ. ಇವೆಲ್ಲ ನಿಜವೇ. ನಾನು ಕೇಳುವುದು, ಅದರಿಂದ ಏನಾಯಿತು? 1880ರಿಂದ 1924ರವರೆಗೆ ಸುಮಾರು 40 ಲಕ್ಷ ಇಟಲಿಯವರು ಅಮೆರಿಕಕ್ಕೆ ಬಂದರು. ಹೆಚ್ಚಿನವರು ದಕ್ಷಿಣದವರು: ನೇಪಲ್ಸು, ಕಲಾಬ್ರಿಯ, ಸಿಸಿಲಿಯ ಒಕ್ಕಲುಗಳು, ಕೂಲಿಗಳು. ಊರಿನಲ್ಲಿದ್ದಾಗ ಮಾಂಸ ಎಂಬುದು ಅವರಿಗೆ ಹಬ್ಬಕ್ಕೆ ಮಾತ್ರ, ಅದೂ ಒಂದು ಚೂರು. ಇಲ್ಲಿ ಬಂದು ರಸ್ತೆ ಅಗೆದು, ಸುರಂಗ ತೋಡಿ, ವಾರದ ಕೂಲಿ ಕೈಗೆ ಬಂದಾಗ ನೋಡುತ್ತಾರೆ, ಕಸಾಯಿಖಾನೆಯ ನಾಡಾದ ಅಮೆರಿಕದಲ್ಲಿ ಮಾಂಸ ಅಗ್ಗ. ಊರಿನಲ್ಲಿ ನೆಲ್ಲಿಕಾಯಿ ಗಾತ್ರವಿದ್ದ ಉಂಡೆ ಇಲ್ಲಿ ಕಿತ್ತಳೆ ಗಾತ್ರವಾಯಿತು. ಪಾಸ್ತದ ಜೊತೆ ಒಂದೇ ತಟ್ಟೆಗೆ ಬಂತು. ಮೂರು ತಲೆಮಾರು ಕಾಣದ್ದನ್ನು ಕಂಡ ಹೆಂಗಸರು ಗಂಡಂದಿರ ತಟ್ಟೆ ತುಂಬಿದರು. ಇದನ್ನು ತಪ್ಪು ಅಡುಗೆ ಎನ್ನುವವರು ಹಸಿವು ಎಂದರೇನೆಂದು ಒಂದು ದಿನವೂ ತಿಳಿಯದವರು.

1891ನೆಯ ಇಸವಿಯನ್ನು ನೋಡಿ. ಆ ವರ್ಷ ಫ್ಲಾರೆನ್ಸಿನಲ್ಲಿ ಪೆಲ್ಲೆಗ್ರಿನೊ ಅರ್ತೂಸಿ ಎಂಬ ರೇಷ್ಮೆ ವ್ಯಾಪಾರಿ ತನ್ನ ಸ್ವಂತ ಖರ್ಚಿನಲ್ಲಿ ಒಂದು ಅಡುಗೆ ಪುಸ್ತಕ ಅಚ್ಚು ಹಾಕಿಸಿದ. ಇಟಲಿಗೆ 'ಇಟಲಿಯ ಅಡುಗೆ' ಎಂಬ ಕಲ್ಪನೆ ಬಂದದ್ದು ಬಹಳ ಮಟ್ಟಿಗೆ ಆ ಪುಸ್ತಕದಿಂದ. ಆದರೆ ಅದರಲ್ಲಿರುವುದು ಹೆಚ್ಚಾಗಿ ತಸ್ಕನಿ, ಎಮಿಲಿಯ, ರೊಮಾಞ್ಞ ಸೀಮೆಗಳ ಉಳ್ಳವರ ಅಡುಗೆ. ದಕ್ಷಿಣಕ್ಕೆ ಅಲ್ಲಿ ಜಾಗ ಕಡಿಮೆ. ಅದೇ 1891ರ ಮಾರ್ಚಿನಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸಿನಲ್ಲಿ ಜನರ ಗುಂಪು ಜೈಲಿಗೆ ನುಗ್ಗಿ 11 ಮಂದಿ ಇಟಲಿಯವರನ್ನು ಕೊಂದಿತು. ಆ ಕಾಲದ ಅಮೆರಿಕದಲ್ಲಿ ಬೆಳ್ಳುಳ್ಳಿಯ ವಾಸನೆ ಎಂಬುದೇ ಬೈಗುಳ. ಇಟಲಿಯವರ ಕೇರಿಗಳಿಗೆ ಬಂದ ಸಮಾಜಸೇವಕಿಯರು ಚೀಸು, ಎಣ್ಣೆ, ಖಾರ ಬಿಟ್ಟು ಬೇಯಿಸಿದ ಸಪ್ಪೆ ಆಹಾರ ತಿನ್ನಿ, ಅಮೆರಿಕನ್ನರಾಗುತ್ತೀರಿ ಎಂದು ಬೋಧಿಸುತ್ತಿದ್ದರು. 1924ರ ಕಾನೂನು ಅವರ ಬರವನ್ನು ಹೆಚ್ಚುಕಡಿಮೆ ನಿಲ್ಲಿಸಿತು. ಅದೇ ಕಾನೂನು ನಮ್ಮಂಥ ಏಷ್ಯದವರಿಗೆ ಬಾಗಿಲನ್ನು ಪೂರ್ತಿ ಮುಚ್ಚಿತು. ಅದನ್ನು ಮತ್ತೆ ತೆರೆದದ್ದು 1965ರ ಕಾನೂನು. ನಮ್ಮ ಕನ್ನಡದ ಡಾಕ್ಟರುಗಳೂ ಇಂಜಿನಿಯರುಗಳೂ ಸಾಲುಸಾಲಾಗಿ ಹೋದದ್ದು ಅದರ ಮೇಲೆ. ಬೈಗುಳ ಸಹಿಸಿಕೊಂಡೂ ಬೆಳ್ಳುಳ್ಳಿ ಬಿಡದೆ ಒಗ್ಗರಣೆ ಹಾಕಿದವರ ಮೊಮ್ಮಕ್ಕಳ ಹೋಟೆಲಿಗೆ ಹೋಗಿ, ಒಗ್ಗರಣೆಯ ವಾಸನೆ ಪಕ್ಕದ ಮನೆಗೆ ಹೋದೀತೆಂದು ಕಿಟಕಿ ಮುಚ್ಚುವ ನಾವು, ನಿಮ್ಮದು ಅಸಲಿ ಅಲ್ಲ ಎನ್ನುತ್ತಿದ್ದೇವೆ!

ಇನ್ನೊಂದು ನಗೆಪಾಟಲಿನ ವಿಷಯ ಅವರ ಉಚ್ಚಾರ. ಆ ಹೋಟೆಲಿನಲ್ಲಿ ಮೊಝರೆಲ್ಲ ಎನ್ನುವುದಿಲ್ಲ, ಮುಟ್ಸರೆಲ್ ಎನ್ನುತ್ತಾರೆ. ರಿಕೊಟ್ಟ ಅಲ್ಲ, ರಿಗೊಟ್. ಪಾಸ್ತ ಎ ಫಜೋಲಿ ಎಂಬ ಅವರೆಕಾಳಿನಂಥ ಕಾಳು ಹಾಕಿದ ಸಾರು ಅವರ ಬಾಯಲ್ಲಿ ಪಾಸ್ತ ಫಜೂಲ್. ಎರಡು ವಾರ ದೂರವಾಣಿಯ ಮೇಲೆ ಇಟಾಲಿಯನ್ ಪಾಠ ಕಲಿತ ನಮ್ಮ ಹುಡುಗರು ಇದನ್ನು ಅಣಕಿಸುತ್ತಾರೆ. ಮಾರಾಯರೆ, ಅವರು ಆಡುತ್ತಿರುವುದು ಕೆಟ್ಟ ಇಟಾಲಿಯನ್ ಅಲ್ಲ. ಅದು ನೇಪಲ್ಸಿನ, ಸಿಸಿಲಿಯ ನುಡಿ. ಇಟಲಿ ಒಂದು ದೇಶವಾದದ್ದೇ 1861ರಲ್ಲಿ. ಆಗ ಇಂದು ನಾವು ಇಟಾಲಿಯನ್ ಎನ್ನುವ ತಸ್ಕನಿಯ ಗ್ರಂಥಭಾಷೆಯನ್ನು ಮಾತಾಡುತ್ತಿದ್ದವರು ಬೆರಳೆಣಿಕೆಯ ಜನ. ಹಡಗು ಹತ್ತಿ ಬಂದ ಒಕ್ಕಲುಗಳ ಕಿವಿಗೆ ಆ ಶಾಲೆಯ ಭಾಷೆ ಬಿದ್ದಿರಲೇ ಇಲ್ಲ. ಕೊನೆಯ ಸ್ವರ ನುಂಗುವುದು, ಕಕಾರವನ್ನು ಗಕಾರ ಮಾಡುವುದು ಅವರ ತಾಯಂದಿರ ಬಾಯಲ್ಲೇ ಇದ್ದದ್ದು. ಕುಂದಾಪುರದ ಕನ್ನಡ ಆಡಿದರೆ ಮೇಷ್ಟರು 'ಶುದ್ಧವಾಗಿ ಮಾತಾಡು' ಎಂದು ಕಿವಿ ಹಿಂಡುತ್ತಿದ್ದ ಶಾಲೆಯಲ್ಲಿ ನಾನು ಓದಿದವನು. ಶುದ್ಧ ಎಂದರೆ ಮೈಸೂರಿನ ಪಠ್ಯಪುಸ್ತಕ. ಧಾರವಾಡದವರಿಗೂ ಕಲಬುರ್ಗಿಯವರಿಗೂ ಇದೇ ಅನುಭವ ಆಗಿರುತ್ತದೆ. ಆದ್ದರಿಂದ ಮುಟ್ಸರೆಲ್ ಎಂದವಳನ್ನು ಯಾರಾದರೂ ತಿದ್ದುವಾಗ ನನ್ನ ಕಿವಿ ಈಗಲೂ ಉರಿಯುತ್ತದೆ.

ಅಸಲಿ ಅಸಲಿ ಎನ್ನುವ ಇಟಲಿಯ ಅಡುಗೆಯಾದರೂ ಎಷ್ಟು ಹಳೆಯದು? ರೋಮಿನಲ್ಲಿ ಕಾರ್ಬೊನಾರ ಎಂಬ ಪಾಸ್ತ ಇದೆ. ಮೊಟ್ಟೆ, ಹಂದಿಯ ಕೆನ್ನೆಯ ಉಪ್ಪುಮಾಂಸ, ಕುರಿಹಾಲಿನ ಪೆಕೊರಿನೊ ಚೀಸು, ಮೆಣಸು. ಇಷ್ಟೇ, ಇದರ ಹೊರತು ಒಂದು ಚಮಚ ಕೆನೆ ಹಾಕಿದರೂ ಮಹಾಪಾಪ ಎಂದು ಡಂಗುರ ಸಾರುತ್ತಾರೆ. ಎರಡನೆಯ ಮಹಾಯುದ್ಧಕ್ಕಿಂತ ಮೊದಲು ಈ ಹೆಸರಿನ ತಿನಿಸು ಯಾವ ಅಡುಗೆ ಪುಸ್ತಕದಲ್ಲೂ ಕಾಣುವುದಿಲ್ಲ. 1944ರಲ್ಲಿ ರೋಮಿಗೆ ಬಂದ ಅಮೆರಿಕದ ಸೈನಿಕರ ಬೇಕನ್ನಿಗೂ ಮೊಟ್ಟೆ ಪುಡಿಗೂ ಇದರ ಹುಟ್ಟಿನಲ್ಲಿ ಕೈಯಿದೆ ಎಂದು ಬಲ್ಲವರು ಹೇಳುತ್ತಾರೆ. ಮುದ್ರಿತ ಪಾಕವಿಧಾನ ಮೊದಲು ಸಿಗುವುದು ಎಲ್ಲಿ ಗೊತ್ತೆ? 1952ರಲ್ಲಿ, ಶಿಕಾಗೋದ ಹೋಟೆಲುಗಳ ಕುರಿತ ಒಂದು ಕೈಪಿಡಿಯಲ್ಲಿ. ಇಟಲಿಯಲ್ಲಿ ಅದು ಅಚ್ಚಾದದ್ದು 1954ರಲ್ಲಿ, 'ಲಾ ಕುಚಿನ ಇತಾಲಿಯಾನ' ಎಂಬ ಪತ್ರಿಕೆಯಲ್ಲಿ. ಅದರಲ್ಲಿ ಬೆಳ್ಳುಳ್ಳಿ ಇದೆ, ಸ್ವಿಟ್ಸರ್ಲೆಂಡಿನ ಗ್ರುಯೇರ್ ಚೀಸಿದೆ. ಇಂದು ರೋಮಿನಲ್ಲಿ ಯಾರಾದರೂ ಹಾಗೆ ಮಾಡಿ ಬಡಿಸಿದರೆ ತಟ್ಟೆ ಮುಖಕ್ಕೆ ಬರುತ್ತದೆ. ತಿರಾಮಿಸು ಎಂಬ ಸಿಹಿ ಊರೂರಿನ ಹೋಟೆಲಿಗೆ ಬಂದದ್ದು 1970ರ ದಶಕದ ಈಚೆಗೆ. ಚಬಾತ್ತ ಎಂಬ 'ಪುರಾತನ' ಬ್ರೆಡ್ಡನ್ನು ಒಬ್ಬ ಗಿರಣಿ ಮಾಲಿಕ ರೂಪಿಸಿದ್ದು 1982ರಲ್ಲಿ. ಆ ವರ್ಷ ನಾನು ನೌಕರಿಗೆ ಸೇರಿ ಐದಾರು ವರ್ಷವಾಗಿತ್ತು. ಇನ್ನು ಆಲ್ಫ್ರೆಡೊ ಎಂಬ ಬೆಣ್ಣೆ ಪಾಸ್ತವನ್ನು ಅಮೆರಿಕದವರ ಕಲಬೆರಕೆ ಎಂದು ಜರೆಯುತ್ತಾರಲ್ಲ, ಅದು ಹುಟ್ಟಿದ್ದು ಸಾಕ್ಷಾತ್ ರೋಮಿನಲ್ಲಿ, ಆಲ್ಫ್ರೆಡೊ ದಿ ಲೇಲಿಯೊ ಎಂಬ ಹೋಟೆಲಿನವನ ಕೈಯಲ್ಲಿ. ಅಮೆರಿಕದವರು ಅದಕ್ಕೆ ಕೆನೆ ಸುರಿದರು, ಅಷ್ಟೆ.

ಪಾರ್ಮಾ ವಿಶ್ವವಿದ್ಯಾಲಯದ ಆಲ್ಬೆರ್ತೊ ಗ್ರಾಂದಿ ಎಂಬ ಇತಿಹಾಸಕಾರರು ಇಂಥದ್ದನ್ನೆಲ್ಲ ಸೇರಿಸಿ 2018ರಲ್ಲಿ ಒಂದು ಪುಸ್ತಕ ಬರೆದರು. 2023ರಲ್ಲಿ ಲಂಡನ್ನಿನ ಪತ್ರಿಕೆಯೊಂದು ಅವರ ಸಂದರ್ಶನ ಹಾಕಿದಾಗ ಇಟಲಿಯ ರೈತ ಸಂಘದಿಂದ ಹಿಡಿದು ಎಲ್ಲರೂ ಅವರ ಮೇಲೆ ಬಿದ್ದರು. ಅವರ ಮಾತುಗಳಲ್ಲಿ ಕೆಲವು ವಿಪರೀತವೇ ಇರಬಹುದು. ಆದರೆ ಹಳೆಯ ಪಾರ್ಮದ ಚೀಸಿಗೆ ಇಂದಿನ ಪಾರ್ಮಕ್ಕಿಂತ ಅಮೆರಿಕದ ವಿಸ್ಕಾನ್ಸಿನ್ನಿನಲ್ಲಿ ತಯಾರಾಗುವುದೇ ಹೆಚ್ಚು ಹತ್ತಿರ ಎಂಬ ಅವರ ಮಾತು ನನಗೆ ಬಹಳ ಹಿಡಿಸಿತು. ವಲಸೆ ಹೋದವರು ಹೊರಟ ದಿನದ ಅಡುಗೆಯನ್ನು ಕಟ್ಟಿಕೊಂಡು ಹೋಗುತ್ತಾರೆ. ಊರಿನಲ್ಲಿ ಉಳಿದವರು ಅದನ್ನು ಬದಲಾಯಿಸುತ್ತಲೇ ಇರುತ್ತಾರೆ.

ಚೀಸಿನ ಮಾತು ಬಂದದ್ದರಿಂದ ನಮ್ಮ ಸಸ್ಯಾಹಾರಿ ಪಂಡಿತರಿಗೆ ಒಂದು ಕಿವಿಮಾತು. ಪಾರ್ಮಿಜಾನೊ ರೆಜ್ಜಾನೊ ಎಂಬ ಅಸಲಿ ಚೀಸಿಗೆ ಹಾಕುವ ಹೆಪ್ಪು ಕರುವಿನ ಹೊಟ್ಟೆಯದು. ಬೇರೆ ಹೆಪ್ಪು ಹಾಕಿದರೆ ಆ ಹೆಸರು ಸಿಗುವುದಿಲ್ಲ, ನಿಯಮವೇ ಹಾಗಿದೆ. ಪೆಕೊರಿನೊ ರೊಮಾನೊಗೆ ಕುರಿಮರಿಯ ಹೊಟ್ಟೆಯದು. ಅಮೆರಿಕದಲ್ಲಿ ತಯಾರಾಗುವ ಪಾರ್ಮೆಸಾನಿಗೆ ಎಷ್ಟೋ ಸಲ ಸೂಕ್ಷ್ಮಜೀವಿಗಳಿಂದ ತೆಗೆದ ಹೆಪ್ಪು. ನೀವು ನಕಲಿ ಎಂದು ದೂರವಿಟ್ಟದ್ದೇ ನಿಮ್ಮ ವ್ರತಕ್ಕೆ ಒಗ್ಗುವಂಥದ್ದು, ಅಸಲಿ ಎಂದು ಕಣ್ಣಿಗೊತ್ತಿಕೊಂಡದ್ದೇ ಒಗ್ಗದ್ದು. ಇದನ್ನು ಒಂದು ಔತಣದಲ್ಲಿ ಹೇಳಿದಾಗ ನಾಲ್ಕು ಜನರ ಕೈಯಲ್ಲಿದ್ದ ತುಂಡು ಹಾಗೇ ನಿಂತಿತು. ನಾನೇನೂ ಚೀಸು ಬಿಟ್ಟವನಲ್ಲ. ಅಸಲಿತನದ ಜಂಬ ಇಟ್ಟುಕೊಂಡವರು ಅದರ ಪೂರ್ತಿ ಲೆಕ್ಕ ಕೊಡಲಿ ಎಂದಷ್ಟೇ ನನ್ನ ಹಟ.

ಬದನೆಕಾಯಿಯ ಕತೆಯೂ ಇದೇ. ಅದು ಮೂಲತಃ ನಮ್ಮ ಕಡೆಯ ಏಷ್ಯದ ಗಿಡ. ಅರಬರ ಜೊತೆ ಪಶ್ಚಿಮಕ್ಕೆ ಹೋಗಿ ಸಿಸಿಲಿ ಸೇರಿತು. ಫ್ಲಾರೆನ್ಸಿನ ಮಾರುಕಟ್ಟೆಯಲ್ಲಿ ನಲುವತ್ತು ವರ್ಷದ ಹಿಂದೆ ಇದು ಕಾಣಸಿಗುವುದೇ ಕಷ್ಟವಿತ್ತು, ಯೆಹೂದಿಗಳ ತಿನಿಸೆಂದು ಜನ ಹೀಗಳೆಯುತ್ತಿದ್ದರು ಎಂದು ಅರ್ತೂಸಿಯೇ ಬರೆದಿದ್ದಾನೆ. ಟೊಮೇಟೊ ಅಮೆರಿಕ ಖಂಡದಿಂದ ಸ್ಪೇನಿನವರ ಹಡಗಿನಲ್ಲಿ ಬಂತು. ನೇಪಲ್ಸಿನಲ್ಲಿ ಆಂತೋನಿಯೊ ಲಾತೀನಿ ಎಂಬವನು 1690ರ ದಶಕದಲ್ಲಿ ಟೊಮೇಟೊ ಸಾಸಿನ ಪಾಕವನ್ನು ಅಚ್ಚು ಹಾಕಿಸಿದಾಗ ಅದಕ್ಕೆ ಕೊಟ್ಟ ಹೆಸರು 'ಸ್ಪೇನಿನ ರೀತಿಯ' ಸಾಸು ಎಂದು. ಹೀಗೆ ಏಷ್ಯದ ಕಾಯಿ, ಅಮೆರಿಕದ ಹಣ್ಣು, ಸ್ಪೇನಿನ ಹೆಸರು, ಅರಬರ ದಾರಿ. ಇವೆಲ್ಲ ಸೇರಿ ಆದ ತಟ್ಟೆಯನ್ನು ಮುಂದಿಟ್ಟುಕೊಂಡು ಶುದ್ಧ ಅಶುದ್ಧದ ವಿಚಾರಣೆ ನಡೆಸುವವರಿಗೆ ಏನೆನ್ನಬೇಕು? ನಮ್ಮಲ್ಲೂ ಶ್ರಾದ್ಧದ ಅಡುಗೆಗೆ ಟೊಮೇಟೊ, ಆಲೂಗಡ್ಡೆ ಸೇರಿಸದ ಮನೆಗಳು ಇಂದಿಗೂ ಇವೆ. ಆ ಲೆಕ್ಕದಲ್ಲಿ ಪಿತೃಗಳ ಮುಂದೆ ಮಸಾಲೆ ದೋಸೆ ಅಸಲಿ ಅಲ್ಲ. ಪಿತೃಗಳಿಗೇ ನಷ್ಟ.

ರೋಮಿಗೆ ನಾನೂ ಒಮ್ಮೆ ಹೋಗಿದ್ದೇನೆ. ಹೋಗುವ ಮೊದಲು ಮಗಳ ಸ್ನೇಹಿತನೊಬ್ಬ, "ಅಂಕಲ್, ಇಲ್ಲಿ ಮಾತ್ರ ತಪ್ಪದೆ ಹೋಗಿ, ಹಂಡ್ರೆಡ್ ಪರ್ಸೆಂಟ್ ಅಥೆಂಟಿಕ್" ಎಂದು ಒಂದು ಚೀಟಿ ಕೊಟ್ಟಿದ್ದ. ಸಣ್ಣ ಗಲ್ಲಿಯಲ್ಲಿ ಒಂದು ಊಟದ ಮನೆ, ಹೊರಗೆ ನಾಲ್ಕು ಮೇಜು. ಕೂತದ್ದಕ್ಕೂ ಬ್ರೆಡ್ಡಿಗೂ ಸೇರಿಸಿ ಬೇರೆ ದುಡ್ಡು. ರೋಮು ಇರುವ ಲಾಜಿಯೊ ಪ್ರಾಂತದಲ್ಲಿ 2006ರಲ್ಲೇ ಕೂತದ್ದಕ್ಕೆ ಹಣ ಹಾಕಕೂಡದೆಂದು ಕಾನೂನು ಬಂದಿದ್ದರೂ ಬ್ರೆಡ್ಡಿನ ಹೆಸರಿನಲ್ಲಿ ಅದು ಬಿಲ್ಲಿಗೆ ಬರುತ್ತದೆ. ಚೀಸು ಮೆಣಸಿನ ಪಾಸ್ತ ತರಿಸಿಕೊಂಡೆ. ಚೆನ್ನಾಗಿತ್ತು, ಬಹಳ ಚೆನ್ನಾಗಿತ್ತು, ಸುಳ್ಳು ಹೇಳುವುದಿಲ್ಲ. ತಿನ್ನುತ್ತಿದ್ದ ಹಾಗೆ ಒಳಗಿನಿಂದ ಬಂಗಾಳಿ ಮಾತು ಕೇಳಿಸಿತು. ಎದ್ದು ಹೊರಟಾಗ ಅಡುಗೆಮನೆಯ ಹಿಂಬಾಗಿಲಲ್ಲಿ ಏಪ್ರನ್ ಕಟ್ಟಿದ ಒಬ್ಬ ಸಿಗರೇಟು ಸೇದುತ್ತ ನಿಂತಿದ್ದ. ಹಿಂದಿಯಲ್ಲಿ ಮಾತಾಡಿಸಿದೆ. ಬಾಂಗ್ಲಾದೇಶದ ಮಾದಾರಿಪುರದವನು, ಹದಿನಾಲ್ಕು ವರ್ಷದಿಂದ ರೋಮಿನಲ್ಲಿದ್ದಾನೆ. ಪಾತ್ರೆ ತೊಳೆಯುವುದರಿಂದ ಶುರು ಮಾಡಿ ಈಗ ಪಾಸ್ತದ ಒಲೆ ಪೂರ್ತಿ ಅವನದೇ. "ಊಟ ಹೇಗಿತ್ತು ಚಾಚಾ?" ಎಂದು ಕೇಳಿದ. ಹೇಳಿದೆ. ಮನೆ ತೋರ್ಪಿಞ್ಞತ್ತಾರ ಬಡಾವಣೆಯಲ್ಲಂತೆ. ಅಲ್ಲಿ ಬಂಗಾಳಿ ಅಂಗಡಿಗಳು ಸಾಲಾಗಿವೆ, ಇಲೀಶ್ ಮೀನೂ ಸಿಗುತ್ತದೆ ಎಂದ. ರೋಮಿನ ಅಡುಗೆಮನೆಗಳಲ್ಲಿ ಬಾಂಗ್ಲಾದೇಶದವರು, ಈಜಿಪ್ಟಿನವರು ಹೀಗೆ ದುಡಿಯುವುದು ಅಲ್ಲಿ ಯಾರಿಗೂ ಗುಟ್ಟಲ್ಲ. ಆದರೆ ಬಾಗಿಲಿನ ಫಲಕದ ಮೇಲೆ ಬಿಳಿಕೂದಲ ಅಜ್ಜಿಯೊಬ್ಬಳು ಹಿಟ್ಟು ನಾದುವ ಚಿತ್ರ.

ಇಲ್ಲಿಗೆ ಬಂದು ಸ್ನೇಹಿತನಿಗೆ ಇದನ್ನು ಹೇಳಿದಾಗ ಅವನ ಮುಖ ಸಣ್ಣದಾಯಿತು. "ಹಾಗಾದರೆ ಅದು ಟೂರಿಸ್ಟ್ ಪ್ಲೇಸ್ ಇರಬೇಕು ಅಂಕಲ್" ಎಂದ. ನೋಡಿ, ನನ್ನ ಜಗಳ ಇರುವುದು ಈ ಒಂದು ವಾಕ್ಯದ ಜೊತೆಗೆ. ಮೂರು ತಿಂಗಳ ಹಿಂದೆ ಅದೇ ಪಾಸ್ತ ತಿಂದು ಕಣ್ಣು ಮುಚ್ಚಿ ಆಹಾ ಎಂದವನಿಗೆ, ಕಲಸಿದ ಕೈಯ ಬಣ್ಣ ತಿಳಿದ ಕೂಡಲೆ ರುಚಿ ಕೆಟ್ಟುಹೋಯಿತು. ಕೈ ಅವನ ಕೈಯ ಬಣ್ಣದ್ದೇ! ರುಚಿಯ ಮಾತಾಗಿದ್ದರೆ ನಾನು ತಕರಾರು ಮಾಡುತ್ತಿರಲಿಲ್ಲ. ನಾಲಗೆ ನಾಲಗೆಗೆ ಭೇದವಿದೆ. ಇದು ರುಚಿಯ ಮಾತಲ್ಲ. ಯಾರು ಮಾಡಿದ್ದು, ಯಾವ ಊರಿನವನು, ಯಾರ ವಂಶ ಎಂಬ ವಿಚಾರಣೆ. ನಮಗೆ ಬಹಳ ಹಳೆಯ ಪರಿಚಯವಿರುವ ವಿಚಾರಣೆ. ಮಡಿ ಎಂದರೆ ಈಗ ನಾಚಿಕೆಯಾಗುತ್ತದೆ, ಆದ್ದರಿಂದ ಅಥೆಂಟಿಕ್ ಎನ್ನುತ್ತಾರೆ.

ಉಡುಪಿ ಹೋಟೆಲುಗಳು ಶುರುವಾದ ಕಾಲದಲ್ಲಿ 'ಬ್ರಾಹ್ಮಣರ ಫಲಾಹಾರ ಮಂದಿರ' ಎಂಬ ಹಲಗೆಗಳು ಸಾಮಾನ್ಯವಾಗಿದ್ದವು. ಒಳಗೆ ಬೇರೆ ಬೇರೆ ಜಾತಿಗೆ ಬೇರೆ ಬೇರೆ ಕೋಣೆ. ಆ ಹಲಗೆಯ ಅರ್ಥವೂ ಇದೇ ತಾನೆ, ಇಲ್ಲಿ ಅಡುಗೆ ಮಾಡುವ ಕೈ ಯಾವುದೆಂದು ನಾವು ಜವಾಬು ಕೊಡುತ್ತೇವೆ ಎಂಬುದು? 1957ರಲ್ಲಿ ಮದರಾಸಿನಲ್ಲಿ ಪೆರಿಯಾರರ ಅನುಯಾಯಿಗಳು ಒಂದು ಹೋಟೆಲಿನ ಹಲಗೆಯಿಂದ ಆ ಪದವನ್ನು ತೆಗೆಸಲು ಅದರ ಮುಂದೆ ತಿಂಗಳುಗಟ್ಟಲೆ ಚಳವಳಿ ಮಾಡಬೇಕಾಯಿತು. ನಮ್ಮ ದೊಡ್ಡಪ್ಪ ಮುಂಬಯಿಯ ಒಂದು ಉಡುಪಿ ಹೋಟೆಲಿನಲ್ಲಿ ಮೂವತ್ತು ವರ್ಷ ದೋಸೆಕಲ್ಲಿನ ಮುಂದೆ ನಿಂತವರು. ಹನ್ನೆರಡನೆಯ ವಯಸ್ಸಿಗೆ ಕುಂದಾಪುರದಿಂದ ಹೋದದ್ದು, ಮಲಗುತ್ತಿದ್ದದ್ದು ಹೋಟೆಲಿನ ಮೇಜಿನ ಮೇಲೆ. ಗುಜರಾತಿ ಗಿರಾಕಿಗಳಿಗಾಗಿ ಸಾಂಬಾರಿಗೆ ಸಿಹಿ ಹೆಚ್ಚಿಸಿದರು. ಮೈಸೂರಿನವರು ಕಂಡರಿಯದ 'ಮೈಸೂರು ಮಸಾಲೆ'ಗೆ ಬೆಣ್ಣೆ ಸುರಿದು ತರಕಾರಿ ಅರೆದು ಹಾಕಿದರು. ರಜೆಗೆ ಊರಿಗೆ ಬಂದಾಗ ಯಾರೋ, "ಏನು ಮಾರಾಯ್ರೆ, ಇದು ನಮ್ಮ ಉಡುಪಿ ಸಾಂಬಾರ?" ಎಂದು ತಮಾಷೆ ಮಾಡಿದರೆ ಅವರು ಹೇಳುತ್ತಿದ್ದದ್ದು, "ನಿಮ್ಮ ಉಡುಪಿ ಸಾಂಬಾರಿನಿಂದ ನನ್ನ ತಂಗಿಯ ಮದುವೆ ಆಗ್ಲಿಲ್ಲ." ಇಟಲಿಯವರ ಮೊದಮೊದಲ ಹೋಟೆಲುಗಳೂ ಹೀಗೇ, ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಬಂದ ಗಂಡಸರಿಗೆ ಊಟ ಹಾಕುವ ಖಾನಾವಳಿಗಳಾಗಿ ಹುಟ್ಟಿದವು. ಮಾಟುಂಗದಲ್ಲಿ ನಡೆದದ್ದೇ ನ್ಯೂಯಾರ್ಕಿನ ಮಲ್ಬರಿ ಬೀದಿಯಲ್ಲೂ ನಡೆಯಿತು. ಇದನ್ನು ಬೇರೆ ಯಾರು ಮರೆತರೂ ಕನ್ನಡದವರು ಮರೆಯಬಾರದಿತ್ತು.

ನಮ್ಮ ಬೀದಿ ತುದಿಯ ಹೋಟೆಲನ್ನು ಹೊಗಳುತ್ತಲೇ ಹೋಗುತ್ತೇನೆಂದು ತಿಳಿಯಬೇಡಿ. ಪಾಸ್ತವನ್ನು ಅವರು ಹಲವು ಸಲ ಗಂಜಿಯ ಹದಕ್ಕೆ ಬೇಯಿಸುತ್ತಾರೆ. ತಟ್ಟೆಯಲ್ಲಿ ಒಬ್ಬ ಉಣ್ಣಲಾರದಷ್ಟು ಹಾಕುತ್ತಾರೆ. ಟಿಪ್ಪಿನ ಪದ್ಧತಿಯಂತೂ ನನಗೆ ಒಪ್ಪಿಗೆಯೇ ಇಲ್ಲ. ಟಿಪ್ಪು ಸಿಗುವ ಕೆಲಸಗಾರರಿಗೆ ಅಮೆರಿಕದ ಕೇಂದ್ರ ಸರಕಾರ ಗೊತ್ತು ಮಾಡಿದ ಕನಿಷ್ಠ ಕೂಲಿ ಗಂಟೆಗೆ 2 ಡಾಲರ್ 13 ಸೆಂಟು, 1991ರಿಂದ ಅದು ಏರಿಲ್ಲ. ನ್ಯೂಜೆರ್ಸಿಯಂಥ ಕೆಲವು ರಾಜ್ಯಗಳು ಸ್ವಲ್ಪ ಹೆಚ್ಚು ಕೊಡಿಸುತ್ತವೆ, ಅಷ್ಟೆ. ಸಂಬಳ ಕೊಡಬೇಕಾದ ಧಣಿಯ ಹೊಣೆಯನ್ನು ಗಿರಾಕಿಯ ಹೆಗಲಿಗೆ ಹಾಕಿ ಅದಕ್ಕೆ ಔದಾರ್ಯ ಎಂದು ಹೆಸರಿಟ್ಟಿದ್ದಾರೆ. ಒಳಗೆ ಒಲೆಯ ಮುಂದೆ ನಿಲ್ಲುವವನು ಮೆಕ್ಸಿಕೋದ ಪುಯೆಬ್ಲದವನು. ಬದನೆಕಾಯಿ ಕರಿಯುವುದರಲ್ಲಿ ಅವನಿಗೆ ಸಮ ಇಲ್ಲ. ಆದರೆ ಬಡಿಸುವವರಿಗೆ ಸಿಗುವ ಟಿಪ್ಪಿನಲ್ಲಿ ಅವನ ಪಾಲು ಎಷ್ಟು ಎಂದು ಕೇಳಿದರೆ ಮಾಲಿಕ ಸಿನಾತ್ರನ ಕಡೆ ನೋಡುತ್ತಾನೆ. ಇವುಗಳ ಬಗ್ಗೆ ಪಂಡಿತರು ಬಾಯಿ ಬಿಡಲಿ, ನಾನೂ ದನಿಗೂಡಿಸುತ್ತೇನೆ. ಅವರಿಗೆ ಇದು ಕಾಣುವುದೇ ಇಲ್ಲ. ಅವರಿಗೆ ಕಾಣುವುದು ಬೆಳ್ಳುಳ್ಳಿ ಬ್ರೆಡ್ಡು ಮಾತ್ರ.

ಪಂಡಿತರ ಮಾತಿಗೆ ಬೆಲೆ ತೆತ್ತವರೂ ಇದ್ದಾರೆ. ಎರಡು ಮೈಲಿ ಆಚೆ ಇಂಥದೇ ಇನ್ನೊಂದು ಹೋಟೆಲಿತ್ತು. ತಂದೆ ತೀರಿಕೊಂಡ ಮೇಲೆ ಮಗ ಅದನ್ನು ಹೊಸಬರಿಗೆ ಮಾರಿದ. ಅವರು ಚೌಕಳಿ ಬಟ್ಟೆ ತೆಗೆದು ಬರಿಮರದ ಮೇಜು ಹಾಕಿದರು. ನೇಪಲ್ಸಿನಿಂದ ಒಲೆ ತರಿಸಿದರು. ಅಲ್ಲಿ 1984ರಲ್ಲಿ ಹುಟ್ಟಿದ 'ನಿಜವಾದ ಪಿಜ್ಜಾ' ಸಂಘವೊಂದಿದೆ. ಹಿಟ್ಟು ಎಷ್ಟು ಹೊತ್ತು ಹುದುಗಬೇಕು, ರೊಟ್ಟಿ ಎಷ್ಟು ಅಗಲವಿರಬೇಕು ಎಂಬುದಕ್ಕೆಲ್ಲ ಅದರ ಕಟ್ಟಳೆ. ತಿಂಡಿಪಟ್ಟಿಯಿಂದ ಕೆಂಪು ಸಾರಿನ ತಿನಿಸುಗಳೆಲ್ಲ ಹೋದವು. ತಟ್ಟೆ ಅರ್ಧವಾಯಿತು, ಬೆಲೆ ಎರಡರಷ್ಟಾಯಿತು. ಮೊದಲು ಮಂಗಳವಾರ ಸಂಜೆ ಐದಕ್ಕೆ ಅಲ್ಲಿ ಒಬ್ಬೊಬ್ಬರೇ ಬಂದು ಕಿಟಕಿಯ ಪಕ್ಕ ಕೂರುವ ನಾಲ್ಕೈದು ಮುದುಕರಿದ್ದರು. ಹೆಂಡತಿ ಸತ್ತವರು, ಅಡುಗೆ ಬಾರದವರು. ಒಂದು ತಟ್ಟೆ ಪಾಸ್ತ ಅರ್ಧ ತಿಂದು ಅರ್ಧ ಕಟ್ಟಿಸಿಕೊಂಡು ಹೋದರೆ ಬುಧವಾರದ ಊಟವೂ ಆಯಿತು. ಅವರು ಈಗ ಎಲ್ಲಿ ಉಣ್ಣುತ್ತಾರೋ ತಿಳಿಯದು. ಔಷಧದ ಅಂಗಡಿಯಲ್ಲಿ ಅವರಲ್ಲೊಬ್ಬ ಸಿಕ್ಕಿದ್ದ, ಕೈಯಲ್ಲಿ ಡಬ್ಬಿಯ ಸೂಪು. ನಮ್ಮ ಸ್ನೇಹಿತರೆಲ್ಲ ಹೊಸ ಹೋಟೆಲಿಗೆ ಹೋಗಿ ಬಂದು ಕೊಂಡಾಡಿದರು. ವರ್ಷದಲ್ಲಿ ಎರಡು ಸಲ ಹೋಗುತ್ತಾರೆ.

2025ರ ಡಿಸೆಂಬರಿನಲ್ಲಿ ಯುನೆಸ್ಕೋದವರು ಇಟಲಿಯ ಅಡುಗೆಯನ್ನು ಮನುಕುಲದ ಪರಂಪರೆ ಎಂದು ತಮ್ಮ ಪಟ್ಟಿಗೆ ಸೇರಿಸಿದರು. ಸಭೆ ನಡೆದದ್ದು ದೆಹಲಿಯ ಕೆಂಪು ಕೋಟೆಯಲ್ಲಿ, ಅದೇ ಸಭೆಯಲ್ಲಿ ನಮ್ಮ ದೀಪಾವಳಿಯೂ ಸೇರಿತು. ಸಂತೋಷ. ಆ ಪರಂಪರೆಯಲ್ಲಿ ಪುಯೆಬ್ಲದವನಿಗೂ ಮಾದಾರಿಪುರದವನಿಗೂ ಹೋಬೋಕನ್ನಿನ ಅಜ್ಜಿಗೂ ಪಾಲಿದೆಯೆ ಎಂದು ಇಟಲಿಯ ಮಂತ್ರಿಗಳನ್ನು ಯಾರಾದರೂ ಕೇಳಿದರೋ ಇಲ್ಲವೋ.

ಕಳೆದ ಸಲ ಹೊರಡುವ ಮುನ್ನ ಸ್ನೇಹಿತನನ್ನು ಬಲವಂತ ಮಾಡಿ ಬೀದಿ ತುದಿಗೇ ಕರೆದುಕೊಂಡು ಹೋಗಿದ್ದೆ. ತಿಂಡಿಪಟ್ಟಿಯ ಉದ್ದಕ್ಕೂ ಗೊಣಗಿದ, ಬ್ರೆಡ್ಡಿನ ಬುಟ್ಟಿ ಮಾತ್ರ ಎರಡು ಸಲ ಖಾಲಿ ಮಾಡಿದ. ಬದನೆಕಾಯಿ ಅರ್ಧದಷ್ಟು ಉಳಿಯಿತು. ಇಟಲಿಯಲ್ಲಿ ಉಳಿದದ್ದನ್ನು ಕಟ್ಟಿಕೊಡಿ ಎಂದು ಕೇಳಲು ಜನ ಸಂಕೋಚಪಡುತ್ತಾರೆ ಎಂದು ಅವನು ವಿವರಿಸುತ್ತಿರುವಾಗಲೇ ಆಕೆ, "ಹಿಯರ್ ಯು ಗೋ ಹನಿ" ಎಂದು ಕೇಳದೆಯೇ ಡಬ್ಬಿ ತಂದಿಟ್ಟಳು. ಮರುದಿನ ಬೆಳಿಗ್ಗೆ ಅದನ್ನು ಬಿಸಿ ಮಾಡಿ, ಮೇಲೆ ಒಂದಿಷ್ಟು ಚಟ್ನಿಪುಡಿ ಉದುರಿಸಿ, ಚಪಾತಿಯಲ್ಲಿ ಸುತ್ತಿ ನಾನೂ ಮೊಮ್ಮಗಳೂ ತಿಂದೆವು.